ಪೇಜ್ ಯಾರ ಹೆಸರಲ್ಲಿದೆ ಅಕ್ಕಾ?

ಈ ತಿಂಗಳು ಬಂದ ಪತ್ರಗಳನ್ನು ಅಡುಗೆಮನೆ ಕಟ್ಟೆ ಮೇಲೆ ಹರಡಿಕೊಂಡು ಓದಿದೆ. ಮನೆಯಲ್ಲೇ ಏನಾದರೂ ಮಾಡಿ ಮಾರುವವರು, ವಿಡಿಯೊ ಮಾಡುವವರು, ಬಿಟ್ಟ ಕೆಲಸಕ್ಕೆ ವಾಪಸ್ ಹೋಗಬೇಕು ಅನ್ನುವವರು. ಹೆಂಗಸರ ಪತ್ರಗಳೇ ಜಾಸ್ತಿ. ಕೆಲವು ಪತ್ರ ಮೂರು ಪುಟ ಇದ್ದವು, ಕತ್ತರಿ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ಅಕ್ಕಾರ, ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರ್ತೀನಿ. ಇನ್‌ಸ್ಟಾಗ್ರಾಂನಲ್ಲಿ 9 ಸಾವಿರದ ಮೇಲೆ ಫಾಲೋವರ್ಸ್ ಇದ್ದಾರೆ. ಪೇಜ್ ಮಾಡಿಕೊಟ್ಟಿದ್ದು ನಮ್ಮ ಭಾವನ ಮಗ. ನಂಬರ್, ಇಮೇಲ್ ಎಲ್ಲಾ ಅವನದೇ. ಈಗ ಪುಣೆಗೆ ಕೆಲಸಕ್ಕೆ ಹೋಗಿದ್ದಾನೆ, ಮೆಸೇಜ್ ನೋಡಲ್ಲ, ಆರ್ಡರ್ ತಪ್ಪಿಹೋಗ್ತಾವ. ಕೇಳಿದರೆ ‘ಕಾಕೂ, ಸಂಜಿಗೆ ನೋಡ್ತೀನಿ’ ಅಂತಾನ. ಏನು ಮಾಡಲಿ?
- ಓದುಗಿ, ಗದಗ

ಉತ್ತರ: ಹುಡುಗ ಕೆಟ್ಟವನಲ್ಲ, ಪಾಪ. ಅವತ್ತು ಸಹಾಯ ಮಾಡಿದ, ಇವತ್ತು ಅವನಿಗೆ ಅವನ ಕೆಲಸ. ಆದರೆ ರೊಟ್ಟಿ ತಟ್ಟೋದು ನೀವು, ಅಂಗಡಿ ಬೀಗದ ಕೈ ಪುಣೆಯಲ್ಲಿ!

ಜಗಳ ಮಾಡಬೇಡಿ. ಮುಂದಿನ ಸಲ ಅವನು ಊರಿಗೆ ಬಂದಾಗ ಊಟ ಹಾಕಿ, ಊಟ ಆದ ಮೇಲೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್ ಒಳಗೆ ಅಕೌಂಟ್ಸ್ ಸೆಂಟರ್ ಅಂತ ಇದೆ. ಅಲ್ಲಿ ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರ್ ಸೇರಿಸಿ. ಅವೆರಡಕ್ಕೂ ಒಟಿಪಿ ಬಂದು ಖಾತ್ರಿಯಾದ ಮೇಲೆ ಅವನದನ್ನು ತೆಗೆಸಿ. ಮೊದಲೇ ತೆಗೆಯಬೇಡಿ. ಆಮೇಲೆ ಪಾಸ್‌ವರ್ಡ್ ಬದಲಾಯಿಸಿ, ಎರಡು ಹಂತದ ಭದ್ರತೆ ಆನ್ ಮಾಡಿ. ಯಾವ ಯಾವ ಫೋನಲ್ಲಿ ಲಾಗಿನ್ ಆಗಿದೆ ಅನ್ನುವ ಪಟ್ಟಿಯೂ ಅಲ್ಲೇ ಸಿಗುತ್ತದೆ. ನಿಮ್ಮ ಫೋನ್ ಬಿಟ್ಟು ಉಳಿದದ್ದನ್ನೆಲ್ಲ ಲಾಗೌಟ್ ಮಾಡಿ. ಅರ್ಧ ಗಂಟೆ ಕೆಲಸ. ಅವನು ಬರೋದು ತಡ ಆಗುತ್ತದೆ ಅಂದರೆ ವಿಡಿಯೊ ಕಾಲಲ್ಲೂ ಆಗುತ್ತದೆ.

ಈಗ ನಾನು ಒಂದು ಕೇಳುತ್ತೇನೆ. ನಿಮ್ಮ ಸಿಮ್ ಯಾರ ಹೆಸರಲ್ಲಿದೆ? ಹಣ ಬರುವ ಬ್ಯಾಂಕ್ ಖಾತೆ ಯಾರದು? ಈ ಎರಡು ಪ್ರಶ್ನೆ ನಾನು ಯಾರಿಗೆ ಕೇಳಿದರೂ ಮೊದಲು ಒಂದು ನಗು ಬರುತ್ತದೆ, ಆಮೇಲೆ ‘ನಮ್ಮ ಯಜಮಾನರದು’ ಅನ್ನುವ ಉತ್ತರ. ಯಜಮಾನರ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನಾಳೆ ನೀವು ಸಾಲಕ್ಕೆ ಅರ್ಜಿ ಹಾಕಿದರೆ ಬ್ಯಾಂಕಿನವರು ನೋಡುವುದು ನಿಮ್ಮ ಖಾತೆಯನ್ನು. ಅದರಲ್ಲಿ ಗ್ಯಾಸ್ ಸಬ್ಸಿಡಿ, ಗೃಹಲಕ್ಷ್ಮಿ ಎರಡು ಸಾವಿರ ಬಿಟ್ಟು ಬೇರೆ ಏನೂ ಇಲ್ಲದಿದ್ದರೆ ನೀವು ಇಷ್ಟು ವರ್ಷ ರೊಟ್ಟಿ ಮಾರಿದ್ದು ಯಾವ ಕಾಗದದಲ್ಲೂ ಇಲ್ಲ.

ನನ್ನದೇ ಕಥೆ ಹೇಳುತ್ತೇನೆ. ಹಳೇ ನಂಬರಿಗೆ ರೀಚಾರ್ಜ್ ಮಾಡದೆ ಬಿಟ್ಟಿದ್ದೆ, ಹೊಸದು ಇದೆಯಲ್ಲ ಅಂತ. ಆ ನಂಬರ್ ಬೇರೆ ಯಾರಿಗೋ ಹೋಯಿತು. ಆರು ತಿಂಗಳಾದ ಮೇಲೆ ಫೋನ್ ಕೆಟ್ಟು ಹೊಸದರಲ್ಲಿ ಲಾಗಿನ್ ಮಾಡಲು ಹೋದರೆ ಒಟಿಪಿ ಹೋಗಿದ್ದು ಆ ಹಳೇ ನಂಬರಿಗೆ. ಫೋನ್ ಮಾಡಿದೆ. ಒಬ್ಬರು ಅಜ್ಜ ಎತ್ತಿದರು, ‘ಯಾರಮ್ಮಾ ನೀನು, ಒಟಿಪಿ ಯಾರಿಗೂ ಹೇಳಬೇಡ ಅಂತ ಮಗ ಹೇಳಿದ್ದಾನೆ’ ಅಂದು ಇಟ್ಟುಬಿಟ್ಟರು. ಅವರು ಮಾಡಿದ್ದು ಸರಿ, ಅಲ್ವಾ? ನಾಲ್ಕು ವರ್ಷದ ಪೇಜ್ ಹೋಯಿತು.

ಇನ್ನೊಂದು ಮಾತು, ಆ 9 ಸಾವಿರ ಜನ ಇನ್‌ಸ್ಟಾಗ್ರಾಂನವರು. ನಿಮ್ಮವರು ಅಂದರೆ ತಿಂಗಳಿಗೊಮ್ಮೆ ರೊಟ್ಟಿ ತರಿಸುವ ಆ ನಲವತ್ತು ಐವತ್ತು ಮನೆ. ಅವರ ಹೆಸರು, ನಂಬರ್, ಊರು, ಖಾರ ಜಾಸ್ತಿಯೋ ಕಮ್ಮಿಯೋ, ಎಲ್ಲಾ ಒಂದು ನೋಟ್‌ಬುಕ್ಕಲ್ಲಿ ಬರೆಯಿರಿ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಒಂದು ಪಟ್ಟಿಗೆ 256 ಜನರವರೆಗೆ ಒಟ್ಟಿಗೆ ಮೆಸೇಜ್ ಹೋಗುತ್ತದೆ, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ. ಹಾಗಾಗಿ ಪ್ರತಿ ಪಾರ್ಸೆಲ್ ಒಳಗೆ ಒಂದು ಚೀಟಿ ಇಡಿ: ‘ನನ್ನ ನಂಬರ್ ಸೇವ್ ಮಾಡ್ಕೊಳ್ರಿ, ಹೊಸ ಚಟ್ನಿ ಮಾಡಿದಾಗ ತಿಳಿಸ್ತೀನಿ.’ ಹಾಗೇ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇಲ್ಲದಿದ್ದರೆ ಮಾಡಿಸಿ. ಸಣ್ಣ ಮಟ್ಟದವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ, 14 ಅಂಕಿಯ ನಂಬರ್ ಕೊಡುತ್ತಾರೆ, ಅದು ಪ್ಯಾಕೆಟ್ ಮೇಲೆ ಇರಬೇಕು. ಅದೂ ನಿಮ್ಮ ಹೆಸರಲ್ಲೇ ಮಾಡಿಸಿ.

ಪ್ರಶ್ನೆ: ಬೆಂಗಳೂರಿನಲ್ಲಿ ಆರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ್ದೆ. ಮಗು ಆದ ಮೇಲೆ ಬಿಟ್ಟೆ. ಈಗ ಐದು ವರ್ಷ ಆಯಿತು, ಊರಲ್ಲೇ ಇದ್ದೇನೆ. ‘ನೆಟ್‌ವರ್ಕಿಂಗ್ ಮಾಡಿ’ ಅಂತ ಎಲ್ಲರೂ ಹೇಳುತ್ತಾರೆ. ಲಿಂಕ್ಡ್‌ಇನ್ ತೆರೆದರೆ ಬಿಕ್ಷೆ ಬೇಡಿದ ಹಾಗೆ ಅನಿಸುತ್ತದೆ ಮೇಡಂ.
- ಓದುಗಿ, ಸಾಗರ

ಉತ್ತರ: ಸಾಗರದವರಾಗಿ ಹೀಗೆ ಕೇಳಬಹುದಾ? ನಿಮ್ಮ ಕಡೆ ಮುಯ್ಯಾಳು ಅಂತ ಇತ್ತಲ್ಲ. ಇವತ್ತು ಅವರ ಗದ್ದೆ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ಅವರು. ಯಾರೂ ಅದನ್ನು ಬಿಕ್ಷೆ ಅನ್ನಲಿಲ್ಲ. ಕರೆಯೋಕೆ ನಾಚಿಕೆಯೂ ಇರಲಿಲ್ಲ, ಯಾಕೆಂದರೆ ಏನು ಕೆಲಸ, ಯಾವತ್ತು, ಎಷ್ಟು ಹೊತ್ತು ಅಂತ ಇಬ್ಬರಿಗೂ ಗೊತ್ತಿರುತ್ತಿತ್ತು. ‘ಏನಾದ್ರೂ ಸಹಾಯ ಮಾಡ್ರೀ’ ಅಂತ ಯಾರೂ ಗದ್ದೆಗೆ ಕರೆಯುತ್ತಿರಲಿಲ್ಲ.

ಲಿಂಕ್ಡ್‌ಇನ್‌ನಲ್ಲಿ ಆಗುವ ತಪ್ಪು ಅದೇ. ನನಗೂ ದಿನಾ ಮೆಸೇಜ್ ಬರುತ್ತದೆ: ‘ಹಾಯ್ ಮೇಡಂ, ಎನಿ ಓಪನಿಂಗ್ಸ್ ಪ್ಲೀಸ್.’ ಇದಕ್ಕೆ ನಾನು ಏನಂತ ಉತ್ತರ ಕೊಡಲಿ? ಏನು ಕೆಲಸ ಗೊತ್ತು, ಎಲ್ಲಿ ಬೇಕು, ಒಂದೂ ಗೊತ್ತಿಲ್ಲ. ಆಮೇಲೆ ನೋಡೋಣ ಅಂತ ಬಿಡುತ್ತೇನೆ, ಆ ಆಮೇಲೆ ಬರೋದೇ ಇಲ್ಲ.

ಹಳೇ ಟೀಮಿನಲ್ಲಿ ನಿಮ್ಮ ಜೊತೆ ಊಟಕ್ಕೆ ಕೂರುತ್ತಿದ್ದವರು ಐದಾರು ಜನ ಇರುತ್ತಾರೆ. ಅವರಿಂದ ಶುರು ಮಾಡಿ. ಹೀಗೆ ಬರೆಯಿರಿ: ‘ನಾವು ಒಂದೇ ಟೀಮಲ್ಲಿದ್ವಿ, ಪೇಮೆಂಟ್ ಭಾಗದ ಟೆಸ್ಟಿಂಗ್ ನಾನು ಮಾಡ್ತಿದ್ದೆ, ನೆನಪಿದೆಯಾ? ಐದು ವರ್ಷ ಮಗು ನೋಡಿಕೊಂಡೆ. ಈಗ ಆಟೊಮೇಶನ್ ಟೆಸ್ಟಿಂಗ್ ಕಲಿತು ಎರಡು ಸಣ್ಣ ಪ್ರಾಜೆಕ್ಟ್ ಗಿಟ್‌ಹಬ್‌ನಲ್ಲಿ ಹಾಕಿದ್ದೀನಿ. ನಿಮ್ಮ ಕಂಪನಿಯಲ್ಲಿ ಮನೆಯಿಂದ ಕೆಲಸ ಮಾಡುವ ಟೆಸ್ಟರ್‌ಗಳನ್ನು ತಗೊಳ್ತಾರಾ? ತಗೊಂಡರೆ ಯಾರ ಹತ್ತಿರ ಮಾತಾಡಬೇಕು?’ ಇಷ್ಟೇ. ಹೌದು ಇಲ್ಲ ಅಂತ ಒಂದೇ ಸಾಲಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆ ಕೇಳಿದರೆ ಜನ ಉತ್ತರ ಕೊಡುತ್ತಾರೆ. ಬರೆಯುವ ಮೊದಲು ಆ ಎರಡು ಪ್ರಾಜೆಕ್ಟ್ ನಿಜವಾಗಿ ಮಾಡಿರಬೇಕು, ಅದು ಬೇರೆ ಮಾತು. ಆರು ವರ್ಷ ಕೈಯಲ್ಲೇ ಟೆಸ್ಟ್ ಮಾಡಿದವರಿಗೆ ಸೆಲೆನಿಯಂ ಅನ್ನುವ ಆಟೊಮೇಶನ್ ಟೂಲ್ ಕಲಿಯೋದು ಬೆಟ್ಟ ಹತ್ತಿದಷ್ಟು ಕಷ್ಟವಲ್ಲ, ಮಗು ಮಲಗಿದ ಮೇಲೆ ದಿನಕ್ಕೆ ಒಂದು ಗಂಟೆ ಕೂತರೆ ಮೂರು ನಾಲ್ಕು ತಿಂಗಳಲ್ಲಿ ಕೈ ಹಿಡಿಯುತ್ತದೆ.

ಐದು ವರ್ಷದ ಬಿಡುವನ್ನು ರೆಸ್ಯೂಮೆಯಲ್ಲಿ ಮುಚ್ಚಿಡಬೇಡಿ. ಲಿಂಕ್ಡ್‌ಇನ್‌ನಲ್ಲಿ ‘ಕೆರಿಯರ್ ಬ್ರೇಕ್’ ಅಂತಲೇ ಒಂದು ಜಾಗ ಇದೆ, ಹಾಕಿ. ಹಲವು ದೊಡ್ಡ ಕಂಪನಿಗಳು ಬಿಡುವು ತಗೊಂಡ ಹೆಂಗಸರಿಗೆ ಅಂತಲೇ ರಿಟರ್ನ್‌ಶಿಪ್ ಕಾರ್ಯಕ್ರಮ ನಡೆಸುತ್ತವೆ. ಅಲ್ಲಿ ಈ ಬಿಡುವೇ ನಿಮ್ಮ ಟಿಕೆಟ್ಟು.

ಮಧ್ಯೆ ಕೈಖರ್ಚಿಗೆ ಏನಾದರೂ ಬೇಕು ಅಂದರೆ ಕನ್ನಡವೇ ಒಂದು ಕೆಲಸ ಆಗಿದೆ ಈಗ. ಕಂಪ್ಯೂಟರಿಗೆ ಕನ್ನಡ ಕಲಿಸೋಕೆ ಮಾತು, ಬರಹ ಎಲ್ಲಾ ಬೇಕಲ್ಲ. ಬೆಂಗಳೂರಿನ ‘ಕಾರ್ಯ’ ಅನ್ನುವ ಸಂಸ್ಥೆ ನಮ್ಮ ಹಳ್ಳಿಗಳ ಹೆಂಗಸರಿಂದ ಫೋನಿನಲ್ಲಿ ಕನ್ನಡ ವಾಕ್ಯ ಓದಿಸಿ ಅದಕ್ಕೆ ದುಡ್ಡು ಕೊಟ್ಟಿದೆ. ಅದು ಖಾಯಂ ಸಂಬಳವಲ್ಲ, ಕೆಲಸ ಇದ್ದಾಗ ಇದೆ. ಟೆಸ್ಟಿಂಗ್ ಗೊತ್ತಿದ್ದು ಕನ್ನಡವೂ ಚೆನ್ನಾಗಿ ಬರುವವರು ಜಾಸ್ತಿ ಇಲ್ಲ. ಕನ್ನಡ ಆ್ಯಪ್‌ಗಳಲ್ಲಿರುವ ತಪ್ಪು ನೋಡಿದರೆ ಅದು ಗೊತ್ತಾಗುತ್ತದೆ.

ಪ್ರಶ್ನೆ: ಉದ್ಯಮ್ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ, 2,999 ರೂಪಾಯಿ ಕಟ್ಟಿ ಅಂತ ದಿನಾ ಫೋನ್ ಬರುತ್ತಿದೆ. ಕಟ್ಟಲಾ?
- ಓದುಗಿ, ತುಮಕೂರು

ಉತ್ತರ: ಕಟ್ಟಬೇಡಿ. ಅದು ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರಿ ನೋಂದಣಿ, ಪೂರ್ತಿ ಉಚಿತ, 2020ರ ಜುಲೈಯಿಂದ ಇದೆ. ಸರ್ಕಾರದ ಉದ್ಯಮ್ ಪೋರ್ಟಲ್ಲಿನಲ್ಲಿ ಆಧಾರ್, ಪ್ಯಾನ್ ಇಟ್ಟುಕೊಂಡು ಕೂತರೆ ಕಾಫಿ ಆರೋದರೊಳಗೆ ಮುಗಿಯುತ್ತದೆ. ವಿಳಾಸದ ಕೊನೆಯಲ್ಲಿ ಗವ್ ಡಾಟ್ ಇನ್ ಇದೆಯಾ ನೋಡಿ, ಇಲ್ಲದಿದ್ದರೆ ಮುಚ್ಚಿ. ಈಗಾಗಲೇ ಕಟ್ಟಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮಲೆನಾಡಿನ ಅಡುಗೆ ಚಾನೆಲ್ ಶುರು ಮಾಡಿ ಒಂದೂವರೆ ವರ್ಷ ಆಯಿತು. 1,300 ಸಬ್‌ಸ್ಕ್ರೈಬರ್ಸ್ ಇದ್ದಾರೆ, ಶಾರ್ಟ್ಸ್ ಚೆನ್ನಾಗಿ ಓಡುತ್ತವೆ. ಒಂದು ರೂಪಾಯಿ ಬಂದಿಲ್ಲ. ನಮ್ಮ ಅತ್ತೆ ಪಾತ್ರೆ ತೊಳೆಯುವಾಗೆಲ್ಲ ‘ಯೂಟ್ಯೂಬಿನವರು ದುಡ್ಡು ಕಳಿಸಿದರಾ?’ ಅಂತ ಕೇಳುತ್ತಾರೆ.
- ಓದುಗಿ, ಸಕಲೇಶಪುರ

ಉತ್ತರ: ಅತ್ತೆ ಕೇಳುವುದರಲ್ಲಿ ತಪ್ಪೇನಿಲ್ಲ ಬಿಡಿ, ಪಾತ್ರೆ ತೊಳೆಯುತ್ತಿರುವವರು ಅವರು ತಾನೇ!

ಜಾಹೀರಾತಿನ ದುಡ್ಡು ಬರಬೇಕಾದರೆ 1,000 ಸಬ್‌ಸ್ಕ್ರೈಬರ್ಸ್ ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ ಜನ ನಿಮ್ಮ ವಿಡಿಯೊ ನೋಡಿರಬೇಕು. ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬಂದಿರಬೇಕು. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಹೊತ್ತು ಆ 4,000 ಗಂಟೆಗೆ ಸೇರುವುದಿಲ್ಲ. ನಿಮ್ಮ ಗಾಡಿ ನಿಂತಿರುವುದು ಅಲ್ಲೇ. ಶಾರ್ಟ್ಸ್‌ನಲ್ಲಿ ಕಳಲೆ ಪಲ್ಯ ಅರ್ಧ ತೋರಿಸಿ, ಪೂರ್ತಿ ವಿಡಿಯೊ ಲಿಂಕ್ ಕೊಡಿ. ಕಳಲೆಯನ್ನು ಎಷ್ಟು ದಿನ ನೀರಲ್ಲಿ ನೆನೆಸಬೇಕು, ಯಾವಾಗ ನೀರು ಬದಲಾಯಿಸಬೇಕು, ಇಂಥದ್ದನ್ನು ಜನ ಕೂತು ನೋಡುತ್ತಾರೆ.

ಎಲ್ಲಾ ಆದ ಮೇಲೂ, ಗೂಗಲ್ ದುಡ್ಡು ಕೊಡುವ ಆ್ಯಡ್‌ಸೆನ್ಸ್ ಖಾತೆಯಲ್ಲಿ 10 ಡಾಲರ್ ಸೇರಿದಾಗ ಗೂಗಲ್‌ನವರು ಅಂಚೆಯಲ್ಲಿ ಒಂದು ಪಿನ್ ನಂಬರಿನ ಕಾಗದ ಕಳಿಸುತ್ತಾರೆ. ಹೌದು, ಈ ಕಾಲದಲ್ಲೂ ಅಂಚೆಯಲ್ಲಿ. ಪೋಸ್ಟ್‌ಮ್ಯಾನ್‌ಗೆ ಮೊದಲೇ ಹೇಳಿಡಿ, ಸಣ್ಣ ಕಾಗದ, ಕಳೆದುಹೋಗುತ್ತದೆ. 100 ಡಾಲರ್ ಆಗುವ ತನಕ ದುಡ್ಡು ಬ್ಯಾಂಕಿಗೆ ಬರುವುದಿಲ್ಲ. ಆ್ಯಡ್‌ಸೆನ್ಸ್ ಖಾತೆಯ ಹೆಸರೂ ಬ್ಯಾಂಕಿನ ಹೆಸರೂ ಒಂದೇ ಇರಲಿ, ಮದುವೆಗೆ ಮುಂಚಿನ ಹೆಸರು ಒಂದರಲ್ಲಿ, ಗಂಡನ ಇನಿಷಿಯಲ್ ಇನ್ನೊಂದರಲ್ಲಿ ಅಂತಾದರೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಜಾಹೀರಾತನ್ನೇ ಕಾಯುತ್ತಾ ಕೂರಬೇಡಿ. 1,300 ಜನರಲ್ಲಿ ನೂರು ಜನ ನಿಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ತರಿಸಿದರೆ ಅತ್ತೆಗೆ ಉತ್ತರ ಕೊಡಬಹುದು.

ಪ್ರಶ್ನೆ: ನಾನು ಸೀರೆ ಉಡುವ ರೀಲ್ಸ್ ಮಾಡುತ್ತೇನೆ. ಅಂಗಡಿಯೊಂದು 8 ಸಾವಿರದ ಸೀರೆ ಫ್ರೀ ಕೊಟ್ಟು ರೀಲ್ ಮಾಡಿ ಅಂದಿದೆ. ‘ಆ್ಯಡ್ ಅಂತ ಹಾಕಬೇಡಿ, ನೀವೇ ಕೊಂಡ ಹಾಗೆ ಹೇಳಿ’ ಅಂತಾರೆ. ಎಲ್ಲರೂ ಹಾಗೇ ಮಾಡುತ್ತಾರಂತೆ.
- ಓದುಗಿ, ಮಂಗಳೂರು

ಉತ್ತರ: ಎಲ್ಲರೂ ಮಾಡುತ್ತಾರೆ ಅನ್ನುವುದು ನಿಜ. ಆದರೆ ನಿಯಮ ಇದೆ. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ಇದಕ್ಕೆ ಅಂತಲೇ ಕೈಪಿಡಿ ತಂದಿತು. ದುಡ್ಡು ಪಡೆದರೆ ಮಾತ್ರವಲ್ಲ, ಸೀರೆ, ಹೋಟೆಲ್ ರೂಮು, ಪ್ರವಾಸ, ಏನು ಪಡೆದರೂ ಹೇಳಬೇಕು. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲೇ, ಎದ್ದು ಕಾಣುವ ಹಾಗೆ. ಹ್ಯಾಷ್‌ಟ್ಯಾಗ್‌ಗಳ ರಾಶಿ ಒಳಗೆ ಬಚ್ಚಿಡುವಂತಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ದಂಡ ನಿಮ್ಮ ತನಕ ಬರುತ್ತದೋ ಇಲ್ಲವೋ, ಆದರೆ ‘ಅಕ್ಕ ಹೇಳಿದ್ದು ಅಂತ ತಗೊಂಡೆ, ಎರಡೇ ಒಗೆತಕ್ಕೆ ಬಣ್ಣ ಹೋಯ್ತು’ ಅಂತ ಕೆಳಗೆ ಒಂದು ಕಾಮೆಂಟ್ ಬಂದರೆ ಆಯಿತು.

‘ಈ ಸೀರೆ ಅಂಗಡಿಯವರು ಕೊಟ್ಟಿದ್ದು, ಉಟ್ಟು ನೋಡಿ ನನಗನಿಸಿದ್ದು ಹೇಳ್ತೀನಿ’ ಅಂತ ಮೊದಲ ಸಾಲಲ್ಲೇ ಹೇಳಿ. ಜನ ಬಿಟ್ಟುಹೋಗುವುದಿಲ್ಲ. ಇಷ್ಟಕ್ಕೂ ನಿಮಗೆ ಕೂಲಿ ಎಲ್ಲಿ? ಸೀರೆ ಉಟ್ಟು, ಮೇಕಪ್ ಮಾಡಿ, ಶೂಟ್ ಮಾಡಿ, ಎಡಿಟ್ ಮಾಡೋಕೆ ಒಂದು ಪೂರ್ತಿ ದಿನ. ಸೀರೆಯಿಂದ ಕರೆಂಟ್ ಬಿಲ್ ಕಟ್ಟೋಕಾಗಲ್ಲ. ಮುಂದಿನ ಸಲ ಒಂದು ರೇಟ್ ಹೇಳಿ, ಹೇಳಿದ ಮೇಲೆ ಸುಮ್ನೆ ಇರಿ. ‘ಕಮ್ಮಿ ಮಾಡ್ಕೊಳ್ಳಬಹುದು’ ಅಂತ ನೀವೇ ಸೇರಿಸಬೇಡಿ, ನಾವು ಹೆಂಗಸರು ಅದೊಂದು ಸೇರಿಸಿಯೇ ಸೇರಿಸುತ್ತೇವೆ. ಒಂದೇ ಕಡೆಯಿಂದ ವರ್ಷಕ್ಕೆ 20 ಸಾವಿರಕ್ಕಿಂತ ಜಾಸ್ತಿ ಬೆಲೆಯ ವಸ್ತು ಬಂದರೆ ಅದಕ್ಕೂ ಶೇ 10 ಟಿಡಿಎಸ್ ಇದೆ, 2022ರ ಜುಲೈಯಿಂದ. ಫ್ರೀ ಅಂದುಕೊಂಡದ್ದಕ್ಕೂ ತೆರಿಗೆ.

ಪ್ರಶ್ನೆ: ನಾನು ಕ್ಲಿನಿಕ್, ಬೊಟಿಕ್‌ಗಳಿಗೆ ಸೋಶಿಯಲ್ ಮೀಡಿಯಾ ಪೋಸ್ಟ್ ಮಾಡಿಕೊಡುತ್ತೇನೆ, ಇಬ್ಬರು ಹುಡುಗಿಯರು ಕೆಲಸಕ್ಕಿದ್ದಾರೆ. ವರ್ಷಕ್ಕೆ 40 ಸಾವಿರ ಕಟ್ಟಿ ಒಂದು ಬಿಸಿನೆಸ್ ನೆಟ್‌ವರ್ಕಿಂಗ್ ಗುಂಪಿಗೆ ಸೇರಿದೆ. ವಾರಕ್ಕೊಮ್ಮೆ ಬೆಳಗ್ಗೆ 7 ಗಂಟೆಗೆ ಮೀಟಿಂಗ್. ಮಗನ ಸ್ಕೂಲ್ ಬಸ್ 7.20ಕ್ಕೆ. ಏಳು ತಿಂಗಳಲ್ಲಿ ಒಬ್ಬ ಗಿರಾಕಿ ಸಿಕ್ಕಿದ್ದಾರೆ, ನಾಲ್ಕು ಇನ್ಶೂರೆನ್ಸ್ ಪಾಲಿಸಿ ಕೊಂಡಿದ್ದೇನೆ!
- ಓದುಗಿ, ವಿಜಯನಗರ, ಬೆಂಗಳೂರು

ಉತ್ತರ: ಕೊನೆಯ ಸಾಲು ಓದಿ ಒಬ್ಬಳೇ ಜೋರಾಗಿ ನಕ್ಕೆ. ಕ್ಷಮಿಸಿ.

ಗುಂಪು ಕೆಟ್ಟದ್ದು ಅನ್ನಲ್ಲ. ಆದರೆ ಬೆಳಗ್ಗೆ 7ಕ್ಕೆ ಮೀಟಿಂಗ್ ಇಟ್ಟವರ ಮನೆಯಲ್ಲಿ ಡಬ್ಬಿ ಕಟ್ಟುವವರು ಬೇರೆ ಯಾರೋ ಇದ್ದಾರೆ, ಅಷ್ಟಂತೂ ಖಂಡಿತ. ಬಾಕಿ ಇರುವ ಐದು ತಿಂಗಳು ಹೋಗಿ, ಮುಂದಿನ ವರ್ಷ ಕಟ್ಟಬೇಡಿ.

ನಿಮ್ಮ ಕೆಲಸಕ್ಕೆ ಗಿರಾಕಿ ಯಾರು? ಹೊಸದಾಗಿ ಅಂಗಡಿ, ಕ್ಲಿನಿಕ್ ತೆರೆಯುವವರು. ಅವರು ತೆರೆಯುತ್ತಿದ್ದಾರೆ ಅಂತ ಊರಿಗಿಂತ ಮುಂಚೆ ಯಾರಿಗೆ ಗೊತ್ತಾಗುತ್ತದೆ? ಬೋರ್ಡ್ ಬರೆಯುವವರಿಗೆ, ಫ್ಲೆಕ್ಸ್ ಪ್ರಿಂಟ್ ಮಾಡುವವರಿಗೆ, ಜಿಎಸ್‌ಟಿ ಮಾಡಿಸಿಕೊಡುವ ಅಕೌಂಟೆಂಟ್‌ಗೆ, ಇಂಟೀರಿಯರ್ ಮಾಡುವವರಿಗೆ. ಇವರಲ್ಲಿ ನಾಲ್ಕೈದು ಜನರನ್ನು ಹಿಡಿಯಿರಿ. ನಿಮ್ಮ ವಿಜಯನಗರದಲ್ಲೇ ಇದ್ದಾರೆ, ಬೆಳಗ್ಗೆ 7ಕ್ಕೆ ಎಲ್ಲಿಗೂ ಹೋಗಬೇಕಿಲ್ಲ. ನನ್ನ ಪರಿಚಯದ ಒಬ್ಬಾಕೆ ಇದೇ ಕೆಲಸ ಮಾಡುತ್ತಾಳೆ, ಅವಳಿಗೆ ಅರ್ಧಕ್ಕರ್ಧ ಕೆಲಸ ಬರುವುದು ಒಬ್ಬ ಫ್ಲೆಕ್ಸ್ ಅಂಗಡಿಯವರಿಂದ. ಅವಳೂ ತನ್ನ ಗಿರಾಕಿಗಳ ಬ್ಯಾನರ್ ಎಲ್ಲಾ ಅವರಲ್ಲೇ ಮಾಡಿಸುತ್ತಾಳೆ. ಮೇಲೆ ಸಾಗರದವರಿಗೆ ಹೇಳಿದೆನಲ್ಲ ಮುಯ್ಯಿ, ಇದೂ ಅದೇ.

ಹೆಂಗಸರ ಗುಂಪೇ ಬೇಕು ಅಂದರೆ ಹೊಸದು ಹುಡುಕುವ ಮೊದಲು ಹಳೆಯದನ್ನು ನೋಡಿ. ಕರ್ನಾಟಕದ ಮಹಿಳಾ ಉದ್ಯಮಿಗಳ ಸಂಘ ‘ಅವೇಕ್’ 1983ರಿಂದ ಇದೆ, ನಿಮಗೆ ಹತ್ತಿರವೇ, ರಾಜಾಜಿನಗರದ ಕೈಗಾರಿಕಾ ಎಸ್ಟೇಟಿನಲ್ಲಿ. ವಾಟ್ಸಾಪ್ ಬಿಡಿ, ಮನೆಗೆ ಫೋನ್ ಬೇಕಾದರೆ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಹೆಂಗಸರು ಕೂತು ಯಾವ ಫಾರಂ ಹೇಗೆ ತುಂಬಬೇಕು ಅಂತ ಒಬ್ಬರಿಗೊಬ್ಬರು ಹೇಳಿಕೊಟ್ಟ ಜಾಗ ಅದು. ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿ ನಿವೃತ್ತರಾದ ಕೆ. ರತ್ನಪ್ರಭಾ ಅವರು ಕಟ್ಟಿದ ‘ಉಬುಂಟು’ ಇಂಥ ಸಂಘಗಳನ್ನೆಲ್ಲ ಒಂದೇ ಕಡೆ ತರುವ ಒಕ್ಕೂಟ. ಒಂದು ಸಭೆಗೆ ಹೋಗಿ ಕೂತು ನೋಡಿ. ಅಲ್ಲಿ ಜನ ಏನು ಮಾತಾಡುತ್ತಾರೆ ಕೇಳಿಸಿಕೊಳ್ಳಿ. ಬಿಲ್ ಕೊಡದ ಗಿರಾಕಿ ಬಗ್ಗೆ, ಜಿಎಸ್‌ಟಿ ಬಗ್ಗೆ ಮಾತಾಡಿದರೆ ಒಳ್ಳೇ ಗುಂಪು. ಬರೀ ಫೋಟೊ, ಶಾಲು, ಹಾರ ಅಂದರೆ ಕಾಫಿ ಕುಡಿದು ಬನ್ನಿ.

ಪ್ರಶ್ನೆ: ಇಳಕಲ್ ಸೀರೆ ನೇಕಾರರಿಂದ ತಗೊಂಡು ವಾಟ್ಸಾಪ್‌ನಲ್ಲಿ ಮಾರ್ತೀನಿ. ಫೋನ್‌ಪೇ, ಗೂಗಲ್‌ಪೇನಲ್ಲೇ ದುಡ್ಡು ಬರ್ತದ. ಜಿಎಸ್‌ಟಿ ನೋಟಿಸ್ ಬರ್ತದಂತ ಹೆದರಿಸ್ತಾರ. ಯುಪಿಐ ನಿಲ್ಲಿಸಿಬಿಡಲೇನ್ರಿ?
- ಓದುಗಿ, ಇಳಕಲ್

ಉತ್ತರ: ನಿಲ್ಲಿಸಬೇಡಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿಯವರಿಗೆಲ್ಲ ನೋಟಿಸ್ ಕಳಿಸಿತ್ತಲ್ಲ, ಆಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅನ್ನುವ ಬೋರ್ಡ್ ಬಿದ್ದವು. ಆದರೆ ಕಾನೂನು ಕ್ಯಾಶ್, ಯುಪಿಐ ಅಂತ ಬೇರೆ ಮಾಡುವುದಿಲ್ಲ. ವರ್ಷದ ಒಟ್ಟು ವ್ಯಾಪಾರ ಎಷ್ಟು ಅನ್ನುವುದೇ ಲೆಕ್ಕ. ಸರಕು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಆಗಬೇಕು.

ನೀವು ನೋಡಬೇಕಾದ್ದು ಬೇರೆ ಎರಡು. ಸೊಲ್ಲಾಪುರ, ಪುಣೆ ಅಂತ ಹೊರ ರಾಜ್ಯಕ್ಕೆ ಸೀರೆ ಕಳಿಸುತ್ತೀರಾ? ಹೊರ ರಾಜ್ಯಕ್ಕೆ ಮಾರಿದರೆ ಆ 40 ಲಕ್ಷದ ವಿನಾಯಿತಿ ನಡೆಯುವುದಿಲ್ಲ. ಕೆಲವು ಕರಕುಶಲ ವಸ್ತುಗಳಿಗೆ ಮಾತ್ರ ರಿಯಾಯಿತಿ ಇದೆ. ನಿಮ್ಮ ಸೀರೆ ಅದರಲ್ಲಿ ಬರುತ್ತದಾ ಅಂತ ಒಬ್ಬ ಅಕೌಂಟೆಂಟ್ ಹತ್ತಿರ ಹೋಗಿ ಕೇಳಿ. ಅವರಿಗೆ ಕೊಡುವ ಫೀಸು ದಂಡಕ್ಕಿಂತ ಕಮ್ಮಿಯೇ ಇರುತ್ತದೆ.

ಎರಡನೆಯದು, ಎಲ್ಲರೂ ಮಾಡುವ ತಪ್ಪು. ಸೀರೆ ದುಡ್ಡು, ಓಣಿಯ ಚೀಟಿ ದುಡ್ಡು, ತಂಗಿ ಮಗಳ ಫೀಸು, ನಾದಿನಿ ವಾಪಸ್ ಕೊಟ್ಟ ಸಾಲ, ಎಲ್ಲಾ ಒಂದೇ ಕ್ಯೂಆರ್‌ಗೆ ಬರುತ್ತದೆ. ಇಪ್ಪತ್ತು ಜನರ ಚೀಟಿ ನೀವೇ ನಡೆಸುತ್ತಿದ್ದರಂತೂ ಕೇಳಲೇಬೇಡಿ. ನೋಡುವವರಿಗೆ ಅದೆಲ್ಲ ವ್ಯಾಪಾರದ ಹಾಗೇ ಕಾಣುತ್ತದೆ, ಆಮೇಲೆ ಇದು ಚೀಟಿ, ಇದು ಸೀರೆ ಅಂತ ಬೇರ್ಪಡಿಸಿ ತೋರಿಸುವ ಪಾಡು ನಿಮ್ಮದು. ಇವತ್ತೇ ಇನ್ನೊಂದು ಖಾತೆ ತೆರೆಯಿರಿ, ಸೀರೆಗೆ ಬೇರೆ ಕ್ಯೂಆರ್ ಮಾಡಿಸಿ. ನೇಕಾರರಿಗೆ ಕೊಟ್ಟ ದುಡ್ಡೂ ಆ ಖಾತೆಯಿಂದಲೇ ಹೋಗಲಿ.

ಪ್ರಶ್ನೆ: ಕಂಪ್ಯೂಟರ್ ಎಂಬ್ರಾಯ್ಡರಿ ಮಶೀನ್‌ಗೆ ಸಾಲ ಕೇಳಲು ಹೋದರೆ ಬ್ಯಾಂಕಿನಲ್ಲಿ ‘ನಿಮ್ಮ ಹಸ್ಬೆಂಡ್ ಬರಲಿ’ ಅಂದರು. ಆರ್ಡರ್ ಎಲ್ಲಾ ಇನ್‌ಸ್ಟಾಗ್ರಾಂನಿಂದ ನಾನೇ ತರೋದು.
- ಓದುಗಿ, ದಾವಣಗೆರೆ

ಉತ್ತರ: ಕಿರಣ್ ಮಜುಂದಾರ್ ಶಾ 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ 10 ಸಾವಿರ ರೂಪಾಯಿ ಇಟ್ಟುಕೊಂಡು ಬಯೊಕಾನ್ ಶುರು ಮಾಡಿದಾಗ ಬ್ಯಾಂಕಿನವರು ಅಪ್ಪನ ಜಾಮೀನು ಕೇಳಿದ್ದರಂತೆ, ಅವರೇ ಹೇಳಿಕೊಂಡಿದ್ದಾರೆ. ಆಗ ಅಪ್ಪ, ಈಗ ಹಸ್ಬೆಂಡು.

ಬಾಯಿ ಮಾತಲ್ಲಿ ಕೇಳಬೇಡಿ, ಕಾಗದ ತಗೊಂಡು ಹೋಗಿ. ಉದ್ಯಮ್ ಸರ್ಟಿಫಿಕೇಟ್, ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಮಶೀನಿನ ಕೊಟೇಶನ್, ಇನ್‌ಸ್ಟಾಗ್ರಾಂ ಆರ್ಡರ್‌ಗಳ ತಿಂಗಳವಾರು ಪಟ್ಟಿ. ಮುದ್ರಾ ಸಾಲದಲ್ಲಿ 50 ಸಾವಿರದಿಂದ 5 ಲಕ್ಷದವರೆಗಿನದ್ದಕ್ಕೆ ಕಿಶೋರ್ ಅಂತಾರೆ, ನಿಮ್ಮದು ಅದು. ಅದಕ್ಕೆ ಅಡಮಾನ ಕೇಳುವಂತಿಲ್ಲ. ಆಗಲ್ಲ ಅಂದರೆ ಯಾಕೆ ಅಂತ ಬರೆದುಕೊಡಿ ಅನ್ನಿ. ಎಷ್ಟೋ ಸಲ ಬರೆದುಕೊಡಿ ಅಂದ ತಕ್ಷಣ ಫೈಲ್ ಮುಂದೆ ಹೋಗುತ್ತದೆ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷದವರೆಗಿನ ಸಾಲಕ್ಕೆ ಸಬ್ಸಿಡಿ ಇದೆ, 18ರಿಂದ 55 ವರ್ಷದವರಿಗೆ. ಆದಾಯದ ಮಿತಿ ಇದೆ, ನಿಮ್ಮ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಬಿಸಿನೆಸ್ ಪೇಜಿಗೆ ಕೆಟ್ಟ ಕೆಟ್ಟ ಮೆಸೇಜ್, ಫೋಟೊ ಬರುತ್ತವೆ. ಮನೆಯಲ್ಲಿ ಹೇಳಿದರೆ ಪೇಜೇ ಮುಚ್ಚಿಸುತ್ತಾರೆ.
- ಊರು ಬೇಡ

ಉತ್ತರ: ಅಳಿಸಬೇಡಿ. ಮೊದಲು ಸ್ಕ್ರೀನ್‌ಶಾಟ್, ಅದರಲ್ಲಿ ಅವನ ಪ್ರೊಫೈಲ್ ಹೆಸರು, ದಿನಾಂಕ ಕಾಣಬೇಕು. ಆಮೇಲೆ ರಿಪೋರ್ಟ್, ಆಮೇಲೆ ಬ್ಲಾಕ್. ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್ಲಿನಲ್ಲಿ ಹೆಂಗಸರ ಇಂಥ ದೂರಿಗೆ ಬೇರೆ ವಿಭಾಗ ಇದೆ, ಹೆಸರು ಹೇಳದೆಯೂ ಕೊಡಬಹುದು. ಅವನು ಹಿಂದೆ ಬಿದ್ದಿದ್ದಾನೆ, ಹೆದರಿಸುತ್ತಿದ್ದಾನೆ ಅಂದರೆ ನಿಮ್ಮ ಜಿಲ್ಲೆಯ ಸೆನ್ (ಸೈಬರ್ ಅಪರಾಧ ನೋಡಿಕೊಳ್ಳುವ) ಪೊಲೀಸ್ ಠಾಣೆಗೆ ಹೋಗಿ. ಮನೆಯವರಿಗೆ ಹೇಳಲಾಗದಿದ್ದರೆ ಅಕ್ಕನೋ ಗೆಳತಿಯೋ ಒಬ್ಬರಿಗಾದರೂ ಹೇಳಿ, ಒಬ್ಬರೇ ಹೊರಬೇಡಿ. ಪೇಜಿನಲ್ಲಿ ಮನೆ ವಿಳಾಸ ಹಾಕಿದ್ದರೆ ತೆಗೆಯಿರಿ.

ಇನ್‌ಸ್ಟಾಗ್ರಾಂನಲ್ಲಿ ಹಿಡನ್ ವರ್ಡ್ಸ್ ಅಂತ ಒಂದು ಸೆಟ್ಟಿಂಗ್ ಇದೆ. ಅಲ್ಲಿ ನೀವು ಹಾಕಿದ ಪದ ಇರುವ ಮೆಸೇಜ್ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಕನ್ನಡದ ಬೈಗುಳ ಅದಕ್ಕೆ ತಾನಾಗಿ ಗೊತ್ತಿರುವುದು ಕಮ್ಮಿ, ನಾವೇ ಕಲಿಸಬೇಕು. ಕನ್ನಡ ಅಕ್ಷರದಲ್ಲಿ ಒಂದು ಸಲ, ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಥರ. ನಾನೂ ನನ್ನ ತಂಗಿಯೂ ಒಂದು ಮಧ್ಯಾಹ್ನ ಕೂತು ಆ ಪಟ್ಟಿ ಮಾಡಿದೆವು. ನಮಗೆ ಇಷ್ಟು ಬೈಗುಳ ಬರುತ್ತದೆ ಅಂತ ನಮಗೇ ಗೊತ್ತಿರಲಿಲ್ಲ.

ಪ್ರಶ್ನೆ: ವಿಸಿಟಿಂಗ್ ಕಾರ್ಡ್ ಮಾಡಿಸುತ್ತಿದ್ದೇನೆ. ಹೆಸರಿನ ಕೆಳಗೆ ಏನು ಹಾಕಲಿ? ಫೌಂಡರ್ ಅಂದರೆ ನಗುತ್ತಾರೇನೋ ಅಂತ ಸಂಕೋಚ.
- ಓದುಗಿ, ಚಾಮರಾಜನಗರ

ಉತ್ತರ: ಮಾಲೀಕರು ಅಂತ ಹಾಕಿ. ನಗುವವರು ನಗಲಿ. ನಿಮ್ಮ ಹೆಸರಲ್ಲಿರುವ ಸಿಮ್ ನಂಬರೇ ಕಾರ್ಡಿನಲ್ಲಿರಲಿ, ಯಾಕೆ ಅಂತ ಗದಗದವರ ಪತ್ರ ಓದಿ. ಪ್ರಿಂಟಿಗೆ ಕೊಡುವ ಮೊದಲು ಆ ನಂಬರಿಗೆ ಒಂದು ಸಲ ಫೋನ್ ಮಾಡಿ ನೋಡಿ. ನನ್ನ ಮೊದಲ 500 ಕಾರ್ಡಲ್ಲಿ ಒಂದು ಅಂಕಿ ತಪ್ಪಾಗಿತ್ತು, ಮಗಳು ಅದರ ಹಿಂದೆ ಎರಡು ವರ್ಷ ಚಿತ್ರ ಬಿಡಿಸಿದಳು.